ದಲಾಲಿ ಅಂಗಡಿಯ ಗಾದಿ, ಬ್ಯಾಂಕಿನ ಬಡ್ಡಿ

ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿಕೊಂಡು ಊರಿಗೆ ಬಂದಾಗ ಅಪ್ಪ ಒಂದು ಪ್ರಶ್ನೆ ಕೇಳಿದ. ಊಟ ಮುಗಿಸಿ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ.

"ಇಷ್ಟೆಲ್ಲಾ ಓದಿದಿಯಲ್ಲವಾ, ಅದರಾಗ ನಮ್ಮಂಥವರಿಗೆ ಉಪಯೋಗ ಬೀಳೂದು ಏನರ ಐತೇನು?"

ಇದೆ ಎಂದೆ. ಮುಂದಿನ ಏಳೆಂಟು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಇರಕಲ್ಲಗಡದ ಕಡೆಯ ಹಳ್ಳಿ. ಕೆಂಪು ಮಣ್ಣಿನ ಮಸಾರಿ ಹೊಲ, ಶೇಂಗಾ ಬೆಳೆ. ನನಗೆ ಕೊಪ್ಪಳದ ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಸಂತೆಯ ದಿನ ಮಾತ್ರ ಅದೇ ಬಸ್ಸಿನಲ್ಲಿ ಅಪ್ಪನೂ ಬರುತ್ತಿದ್ದ. ಆ ದಿನ ಅವನು ಇಸ್ತ್ರಿ ಮಾಡಿದ ಧೋತರ ಉಡುತ್ತಿದ್ದ. ಮದುವೆಗೆ ಕೂಡ ಅವನು ಅಷ್ಟು ಕಾಳಜಿಯಿಂದ ಧೋತರ ಉಡುವವನಲ್ಲ.

ಅವನು ಹೋಗುತ್ತಿದ್ದದ್ದು ಪೇಟೆಯ ಒಂದು ದಲಾಲಿ ಅಂಗಡಿಗೆ. ನಮ್ಮ ಶೇಂಗಾ ಅಜ್ಜನ ಕಾಲದಿಂದ ಅಲ್ಲಿಯೇ ಮಾರಾಟವಾಗುತ್ತಿತ್ತು. ಅಂಗಡಿಯ ಮಾಲೀಕರು ಒಬ್ಬ ಸಾಹೇಬರು, ಅಪ್ಪನ ಓರಗೆಯವರು. ಮಾಲು ಅಂಗಡಿಯ ಮುಂದೆ ಇಳಿದು, ಹರಾಜಿನ ಸವಾಲು ಆಗಿ, ತೂಕ ಆಗಿ, ಸಾಹೇಬರು ತಮ್ಮ ದಲಾಲಿ ಮುರಿದುಕೊಂಡು ಉಳಿದ ರೊಕ್ಕ ಮುಂದಿಟ್ಟರೆ ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. "ಇರ್ಲಿ ಬಿಡ್ರಿ" ಎನ್ನುತ್ತಿದ್ದ. ಆ ರೊಕ್ಕ ಮುಂಗಾರಿಯ ಬೀಜ ಗೊಬ್ಬರ ತರುವವರೆಗೆ ಸಾಹೇಬರ ತಿಜೋರಿಯಲ್ಲಿಯೇ ಇರುತ್ತಿತ್ತು. ನಡುವೆ ಬೇಕಾದಾಗ ಅಷ್ಟಿಷ್ಟು ತರುತ್ತಿದ್ದ. ಪೇಟೆಗೆ ಮಾಲು ಹಾಕುವವರಲ್ಲಿ ಬಹಳ ಮಂದಿ ಹೀಗೆಯೇ ಮಾಡುತ್ತಿದ್ದರು. ಮನೆಯಲ್ಲಿ ರೊಕ್ಕವಿದ್ದರೆ ಸಾಲ ಕೇಳುವ ಬೀಗರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಸಾಹೇಬರ ಹತ್ತಿರ ಐತಿ ಎಂದರೆ ಬೀಗರು ಸುಮ್ಮನಾಗುತ್ತಾರೆ ಎಂಬುದು ಅಪ್ಪನ ವಿವರಣೆ.

ಹಾಗೆ ಬಿಟ್ಟ ರೊಕ್ಕಕ್ಕೆ ಬಡ್ಡಿ ಇರಲಿಲ್ಲ. ಬಡ್ಡಿಯ ಬದಲು ಗಾದಿ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯ ಒಳಗೆ ಎತ್ತರದ ಕಟ್ಟೆ, ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ ದೊಡ್ಡ ಗಾದಿ, ಗೋಡೆಗೆ ನಾಲ್ಕು ಲೋಡು. ಕೆಳಗೆ ಬಾಗಿಲ ಹತ್ತಿರ ಒಂದು ಕಟ್ಟಿಗೆಯ ಬಾಕು. ಯಾರ ರೊಕ್ಕ ಅಂಗಡಿಯಲ್ಲಿ ಉಳಿದಿದೆಯೋ ಅವರು ಚಪ್ಪಲಿ ಕಳೆದು ಗಾದಿ ಏರಿ ಲೋಡಿಗೆ ಒರಗುತ್ತಿದ್ದರು. ರೊಕ್ಕ ಒಯ್ದವರು, ಮುಂಗಡ ಕೇಳಲು ಬಂದವರು, ಧಾರಣೆ ವಿಚಾರಿಸಲು ಬಂದವರು ಬಾಕಿನ ಮೇಲೆ. ಹೀಗೆಂದು ಯಾರೂ ಹೇಳಿದ್ದಿಲ್ಲ, ಎಲ್ಲಿಯೂ ಬರೆದಿದ್ದಿಲ್ಲ. ಗಾದಿಯ ಮೇಲಿನವರಿಗೆ ಪಿಂಗಾಣಿಯ ಕಪ್ಪು ಬಸಿಯಲ್ಲಿ ಚಹಾ, ಬಾಕಿನವರಿಗೆ ಗ್ಲಾಸಿನಲ್ಲಿ. ಅಪ್ಪ ಸಂತೆಯ ದಿನವೆಲ್ಲ ಆ ಗಾದಿಯ ಮೇಲೆ ಕುಳಿತು ಪೇಪರು ಓದಿ, ಗಂಗಾವತಿಯ ಭತ್ತದ ಧಾರಣೆಯಿಂದ ದಿಲ್ಲಿಯ ರಾಜಕೀಯದವರೆಗೆ ಸಾಹೇಬರೊಂದಿಗೆ ಜಗಳವಾಡಿ, ಸಂಜೆ ಹತ್ತು ವರ್ಷ ಚಿಕ್ಕವನಾಗಿ ಮನೆಗೆ ಬರುತ್ತಿದ್ದ. ಅವನಿಗೆ ಬೇರೆ ಚಟವಿರಲಿಲ್ಲ.

ಇದೆಲ್ಲ ನನಗೆ ಆಗ ಲೆಕ್ಕಕ್ಕೆ ಬರಲಿಲ್ಲ. ಆರು ತಿಂಗಳು ರೊಕ್ಕ ಸುಮ್ಮನೆ ಮಲಗಿರುತ್ತದೆ, ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಟ್ಟರೂ ಬಡ್ಡಿ ಬರುತ್ತದೆ, ನೀನು ಅಷ್ಟನ್ನು ವರ್ಷ ವರ್ಷ ಸಾಹೇಬರಿಗೆ ಬಿಟ್ಟುಕೊಡುತ್ತಿದ್ದೀ ಎಂದು ಅಪ್ಪನಿಗೆ ತಿಳಿಸಿ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ.

"ಹಂಗಾದ್ರ ಸಾಹೇಬ್ರನ್ನ ಕೇಳೂಣು. ಕೊಟ್ರ ಕೊಡ್ತಾರ. ಆದ್ರ ನೀನ ಕೇಳಬೇಕು ಮತ್ತ. ನಾ ಬಾಜೂಕ ಕುಂತಿರತೀನಿ."

ಮುಂದಿನ ಸಂತೆಯ ದಿನ ಕಾಲೇಜು ಮುಗಿಸಿ ಅಂಗಡಿಗೆ ಹೋದೆ. ನಾನು ಬಂದದ್ದರಿಂದ ಮೊದಲು ಒಂದು ತೊಡಕಾಯಿತು. ಹೆಣ್ಣುಮಗಳನ್ನು ಗಾದಿಯ ಮೇಲೆ ಗಂಡಸರ ನಡುವೆ ಕೂರಿಸುವಂತಿಲ್ಲ, ಗೌಡರ ಮಗಳನ್ನು ಬಾಕಿನ ಮೇಲೆ ಕೂರಿಸುವಂತಿಲ್ಲ. ಸಾಹೇಬರು ಪಕ್ಕದ ಬಟ್ಟೆ ಅಂಗಡಿಯಿಂದ ಕುರ್ಚಿ ತರಿಸಿದರು. ಅದನ್ನು ಎರಡಕ್ಕೂ ನಡುವೆ, ತಕ್ಕಡಿಯ ಪಕ್ಕ ಹಾಕಿದರು. ನಾನು ಕುಳಿತೆ. ಅಪ್ಪ ಪೇಪರಿನ ಹಿಂದೆ ಮರೆಯಾದ.

"ಚಾಚಾ, ನಮ್ಮಪ್ಪನ ರೊಕ್ಕ ನಿಮ್ಮ ಹತ್ರ ಇರ್ತೈತಲ್ರಿ..."

"ಇರ್ತೈತಿ ಬೇಟಿ."

"ಅದಕ್ಕ ಬಡ್ಡಿ ಕೊಡಾಕ ಬರ್ತೈತೇನ್ರಿ?"

ತಕ್ಕಡಿಯ ಹತ್ತಿರ ನಿಂತಿದ್ದ ಹಮಾಲರು ತೂಗುವುದನ್ನು ಬಿಟ್ಟರು. ಸಾಹೇಬರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಬೇಟಿ, ಸೂದ್ ನಮಗ ನಡೆಯೂದಿಲ್ಲ. ತಗೊಳ್ಳೂದು ಇಲ್ಲ, ಕೊಡೂದು ಇಲ್ಲ. ರೈತರಿಗೆ ಮುಂಗಡ ಕೊಟ್ರೂ ಬಡ್ಡಿ ಹಚ್ಚಾಂಗಿಲ್ಲ ನಾವು, ನಿಮ್ಮಪ್ಪನ್ನ ಕೇಳು. ಇವರ ರೊಕ್ಕ ಇಲ್ಲೆ ಅಮಾನತ್ ಇದ್ದಂಗ. ಹ್ಯಾಂಗ ಕೊಟ್ಟಾರೋ ಹಂಗ ತಿರುಗಿ ಕೊಡೂದು ನನ್ನ ಕೆಲಸ. ಬ್ಯಾಂಕಿಗೆ ಹಾಕ್ತೀನಿ ಅಂದ್ರ ಹಾಕ್ರಿ. ಬ್ಯಾಂಕೂ ಛಲೋ ಜಾಗಾನ."

ಹೀಗೆ ಹೇಳಿ ತಿಜೋರಿ ತೆರೆದು, ಇದ್ದ ರೊಕ್ಕವನ್ನೆಲ್ಲ ಅಲ್ಲಿಯೇ ಎಣಿಸಿ ಅಪ್ಪನ ಮುಂದಿಟ್ಟರು. ಅಪ್ಪ ಪೇಪರು ಕೆಳಗಿಳಿಸಿ ಆ ನೋಟುಗಳನ್ನು ನೋಡಿದ ರೀತಿ, ಯಾರೋ ಅವನ ಹಾಸಿಗೆ ಸುತ್ತಿ ಕೈಯಲ್ಲಿ ಕೊಟ್ಟಂತಿತ್ತು.

ಮರುದಿನವೇ ಬ್ಯಾಂಕಿನಲ್ಲಿ ಖಾತೆ ತೆರೆಸಿದೆ. ಅಪ್ಪನಿಗೆ ಬ್ಯಾಂಕೆಂದರೆ ದೊಡ್ಡ ದಲಾಲಿ ಅಂಗಡಿ ಎಂಬ ಕಲ್ಪನೆ ಇದ್ದಿರಬೇಕು. ರೊಕ್ಕ ಕಟ್ಟಿ ಆದ ಮೇಲೆ ಜಾಲರಿಯ ಮುಂದೆ ಹಾಗೆಯೇ ನಿಂತ.

"ಆತಲ್ರಿ ಯಜಮಾನ್ರ, ನಡೀರಿ," ಎಂದ ಕ್ಯಾಷಿಯರ್.

"ನಿಮ್ಮ ಊರ ಕಡೆ ಮಳಿ ಹ್ಯಾಂಗ್ರಿ?" ಎಂದ ಅಪ್ಪ.

ಕ್ಯಾಷಿಯರ್ ಅಪ್ಪನ ಹಿಂದೆ ನಿಂತವನನ್ನು ಕರೆದ. ನಾವು ಹೊರಗೆ ಬಂದೆವು. ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಅಪ್ಪ ಇಷ್ಟೇ ಹೇಳಿದ: "ಇಷ್ಟ ರೊಕ್ಕ ಇಸಕೊಂಡ್ರು, ಕೂಡ್ರಿ ಅನ್ನಲಿಲ್ಲ ನೋಡು."

ಬಡ್ಡಿಯ ದರ ನಿಗದಿ ಮಾಡುವಾಗ ಕೂಡ್ರಿ ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಂದಿನ ಸಂತೆಯ ದಿನ ಸಂಜೆ ಬಸ್ಸಿಗೆ ಅಪ್ಪನನ್ನು ಕರೆದುಕೊಂಡು ಹೋಗಲು ಅಂಗಡಿಯ ಮುಂದೆ ಬಂದೆ. ಅಪ್ಪ ಬಾಕಿನ ಮೇಲೆ ಕುಳಿತಿದ್ದ. ಚಪ್ಪಲಿ ಕಾಲಲ್ಲೇ ಇತ್ತು. ಗಾದಿಯ ಮೇಲೆ ಅವನ ಜಾಗದಲ್ಲಿ ಅಳವಂಡಿಯ ಒಬ್ಬ ಹತ್ತಿ ಬೆಳೆಗಾರ ಅಪ್ಪನ ಲೋಡನ್ನು ತಲೆಗೆ ಕೊಟ್ಟು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

"ಗೌಡ್ರ, ಮ್ಯಾಲೆ ಬರ್ರಿ. ಯಾಕ ಹಟಾ ಹಿಡದೀರಿ?" ಎಂದು ಸಾಹೇಬರು ಕರೆದರು. ಅದು ಆ ದಿನದ ಮೊದಲ ಕರೆಯಲ್ಲ ಎಂದು ದನಿಯಿಂದಲೇ ಗೊತ್ತಾಗುತ್ತಿತ್ತು.

"ಇಲ್ಲೆ ಗಾಳಿ ಛಲೋ ಐತ್ರಿ," ಎಂದ ಅಪ್ಪ. ಅದು ಚಳಿಗಾಲ. ಅವನು ಕಿವಿಗೆ ಟವೆಲು ಕಟ್ಟಿಕೊಂಡಿದ್ದ.

"ರೊಕ್ಕ ಇದ್ರ ಅಷ್ಟ ಮ್ಯಾಲೆ ಕುಂದರಬೇಕಂತ ನಾ ಯಾವತ್ತರ ಅಂದೀನೇನ್ರಿ?"

"ನೀವು ಅಂದಿಲ್ರಿ. ನಂಗ ಗೊತ್ತಾಗತೈತಲ್ಲ."

ಸಾಹೇಬರು ಕಪ್ಪು ಬಸಿಯಲ್ಲಿ ಚಹಾ ಕಳಿಸಿದರು. ಅಪ್ಪ ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿ ಗ್ಲಾಸಿನಲ್ಲಿ ತರಿಸಿಕೊಂಡ. ಪೇಪರಿನ ಒಳಹಾಳೆ ಗಾದಿಯಿಂದ ಬಾಕಿಗೆ ಹಮಾಲನ ಕೈಯಲ್ಲಿ ಬಂತು, ಓದಿ ಮುಗಿದ ಮೇಲೆ ಅವನ ಕೈಯಲ್ಲಿಯೇ ವಾಪಸು ಹೋಯಿತು. ರಾಜಕೀಯದ ಜಗಳವನ್ನು ಆರು ಮಾರು ದೂರದಿಂದ ಆಡಲಾಗುವುದಿಲ್ಲ. ಇಬ್ಬರೂ ಒಮ್ಮೆ ಪ್ರಯತ್ನಿಸಿದರು. ನಡುವೆ ಅಳವಂಡಿಯವರು ಎಚ್ಚರಾಗಿ "ಏನಾತ್ರಿ, ಏನಾತು?" ಎಂದು ಗಾಬರಿಯಾದದ್ದರಿಂದ ಬಿಟ್ಟುಬಿಟ್ಟರು.

ಹೀಗೆ ಎರಡು ಸಂತೆ ನಡೆಯಿತು. ಮೂರನೆಯದಕ್ಕೆ ಅಪ್ಪ ಹೋಗಲಿಲ್ಲ. ಮೊಣಕಾಲು ನೋವು ಎಂದ. ಆಮೇಲೆ ಹೋಗುವುದನ್ನೇ ನಿಲ್ಲಿಸಿದ. ಗಾದಿ ಏರಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ, ಬಾಕಿನ ಮೇಲೆ ಕೂರಲು ವಯಸ್ಸು ಒಪ್ಪುತ್ತಿರಲಿಲ್ಲ. ರೊಕ್ಕ ತಿರುಗಿ ಒಯ್ದು ಇಡುತ್ತೇನೆ ಎಂದರೆ ಕೊಟ್ಟು ಕಸಿದು ಆಡಿದಂತಾಗುತ್ತದೆ ಎಂಬ ನಾಚಿಕೆ.

ಇದರ ಭಾರವೆಲ್ಲ ಬಿದ್ದದ್ದು ಅವ್ವನ ಮೇಲೆ. ಅವ್ವನಿಗೆ ಸಂತೆಯ ದಿನವೆಂದರೆ ವಾರದಲ್ಲಿ ಮನೆ ತನ್ನದಾಗಿರುವ ಒಂದು ದಿನ. ಓಣಿಯ ಹೆಂಗಸರು ಬರುತ್ತಿದ್ದರು, ಕೌದಿ ಹೊಲಿಯುತ್ತಿದ್ದರು, ಆಡಬಾರದ್ದನ್ನೆಲ್ಲ ಆಡಿಕೊಳ್ಳುತ್ತಿದ್ದರು. ಈಗ ಪಡಸಾಲೆಯ ನಡುವೆ ಅಪ್ಪ. ಬಂದ ಹೆಂಗಸರು ಸೆರಗು ಸರಿಮಾಡಿಕೊಂಡು ಹೊಸ್ತಿಲಿನಿಂದಲೇ ಹಿಂದಿರುಗಿದರು. ಬೇಸರವಾದಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದ.

"ಸ್ವಲ್ಪ ತೆಳ್ಳಗ ಬಡದ್ರ ಹಿಟ್ಟು ಉಳೀತೈತಿ," ಎಂದನಂತೆ ಒಂದು ದಿನ.

ಮದುವೆಯಾದಂದಿನಿಂದ ರೊಟ್ಟಿ ಬಡಿಯುತ್ತ ಬಂದ ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು ಹಿತ್ತಲಿಗೆ ಹೋಗಿಬಿಟ್ಟಳಂತೆ. ಸಂಜೆ ನಾನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅಗಸೆಬಾಗಿಲಲ್ಲಿಯೇ ನಿಂತಿದ್ದಳು.

"ಆ ಬ್ಯಾಂಕಿನ್ಯಾಗ ಮನಷ್ಯಾರನ್ನ ಇಟಗೊಂತಾರೇನು?"

"ಯಾಕವಾ?"

"ನಿಮ್ಮಪ್ಪನ್ನ ಇಟಗೊಳ್ಳಾಕ ಹೇಳು. ಬಡ್ಡಿ ನಾನ ಕೊಡತೀನಿ."

ಅಪ್ಪ ಬ್ಯಾಂಕಿನಲ್ಲಿ ಕೂರುವ ಪ್ರಯತ್ನವನ್ನೂ ಒಮ್ಮೆ ಮಾಡಿದ್ದ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಬೆಳಗಿನಿಂದ ಕುಳಿತು, ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಓದಿ ಮುಗಿಸಿದನಂತೆ. ಮಧ್ಯಾಹ್ನ ಜವಾನ ಬಂದು ಏನು ಕೆಲಸ ಎಂದು ಕೇಳಿದ. ಅಪ್ಪ, ಕೆಲಸ ಏನಿಲ್ಲ, ನನ್ನ ರೊಕ್ಕ ಐತಿ ಇಲ್ಲಿ ಎಂದ. ರೊಕ್ಕ ಇಲ್ಲಿರಲಿ, ನೀವು ಮನಿಗೆ ಹೋಗ್ರಿ ಎಂದ ಜವಾನ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬ್ಯಾಂಕೆಂದರೆ ಅದೇ.

ಚಳಿ ಹೋಗಿ ಬಿಸಿಲು ಏರುವ ಹೊತ್ತಿಗೆ ಬ್ಯಾಂಕಿನವರು ಖಾತೆಗೆ ಬಡ್ಡಿ ಜಮಾ ಮಾಡಿದರು. ನಾನು ಪಾಸ್‌ಬುಕ್ಕು ತಂದು ಅಪ್ಪನಿಗೆ ತೋರಿಸಿದೆ. ನಾನು ಹೇಳಿದ್ದಷ್ಟೇ ಬಂದಿತ್ತು, ಪೈಸೆ ಕೂಡ ತಪ್ಪಿರಲಿಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಛಲೋ ಆತು," ಎಂದ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಸಾಹೇಬ್ರು ಏನರ ಕೇಳಿದ್ರೇನು ನನ್ನ ಸುದ್ದಿ?" ಎಂದ.

ಮರುದಿನ ಅವ್ವ ನನ್ನ ಊಟದ ಡಬ್ಬಿ ಕಟ್ಟಿಕೊಡುತ್ತ, "ನೀ ಬಿಡಿಸಿದ್ದು, ನೀನ ಕೂಡಸು," ಎಂದಳು.

ನಾನು ಕಾರಣವಿಲ್ಲದೆ ಅಂಗಡಿಗಳಿಗೆ ಹೋಗುವವಳಲ್ಲ. ಆ ದಿನ ಹೋದೆ. ಸಾಹೇಬರು ಮತ್ತೆ ಬಟ್ಟೆ ಅಂಗಡಿಯ ಕುರ್ಚಿ ತರಿಸಿದರು. ಸೊರಗಿದಂತೆ ಕಂಡರು. ಪೇಪರು ಬಿಡಿಸದೆ ಪಕ್ಕದಲ್ಲಿ ಬಿದ್ದಿತ್ತು.

"ಹ್ಯಾಂಗದಾನ ಬೇಟಿ ನಿಮ್ಮಪ್ಪ?"

"ಅವ್ವಗ ರೊಟ್ಟಿ ಬಡಿಯೂದು ಕಲಿಸಾಕತ್ಯಾನ್ರಿ."

ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ರೋಗ ಎಷ್ಟು ಮುಂದುವರಿದಿದೆ ಎಂದು ಅವರಿಗೆ ಅರ್ಥವಾಯಿತು.

"ನಾ ಏನ ಮಾಡ್ಲಿ ಹೇಳು. ರೊಕ್ಕ ತಿರುಗಿ ತಂದ ಇಡ್ರಿ ಅಂದ್ರ, ರೊಕ್ಕಕ್ಕ ಆಸೆಬಿದ್ದ ಕರ್ಯಾಕತ್ಯಾನ ಅಂತಾರ ಮಂದಿ. ಸುಮ್ಮನ ಬರ್ರಿ ಅಂದ್ರ ಆತ ಬರೂದಿಲ್ಲ. ಆ ಅಳವಂಡಿಯವಗ ದಿಲ್ಲಿ ಎಲ್ಲೈತಿ ಅಂತನೂ ಗೊತ್ತಿಲ್ಲ. ಯಾರ ಜೋಡಿ ಮಾತಾಡ್ಲಿ ನಾನು?"

ಅಳವಂಡಿಯವರು ಪಕ್ಕದಲ್ಲೇ ಮಲಗಿದ್ದರು. ಮಾತು ಅವರಿಗೆ ತಲುಪಲಿಲ್ಲ.

ಸಾಹೇಬರು ಸ್ವಲ್ಪ ಹೊತ್ತು ಗಡ್ಡ ತೀಡಿಕೊಂಡರು. ಆಮೇಲೆ ಹೇಳಿದರು: "ಬಡ್ಡಿ ಕೊಡಾಕ ಬರೂದಿಲ್ಲ, ಖರೆ. ಪಾಲು ಕೊಡಾಕ ಬರತೈತಿ. ಯಲಬುರ್ಗಿ ಕಡೆ ಉಳ್ಳಾಗಡ್ಡಿ ಭಾಳ ಸೋವಿ ಐತಿ ಈಗ. ಹಿಡದು ಗೋದಾಮಿನ್ಯಾಗ ಇಟ್ರ ಮಳಿಗಾಲಕ್ಕ ಧಾರಣಿ ಏರತೈತಿ. ನಂದರ್ಧ, ಅವಂದರ್ಧ. ಲಾಭಾದ್ರ ಇಬ್ಬರದು, ಲುಕ್ಸಾನಾದ್ರ ಇಬ್ಬರದು. ಪಾಲುದಾರ ಬಾಕಿನ ಮ್ಯಾಲೆ ಕೂಡತಾನೇನು ಎಲ್ಲೆರ? ಕೂಡಂದ್ರೂ ಕೂಡಾಂಗಿಲ್ಲ."

ನಾನು ಉಳ್ಳಾಗಡ್ಡಿ ಕೆಡುವ ಮಾಲಲ್ಲವೇ ಎಂದು ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ.

"ಒಂದ ಮಾತು. ಆ ಬ್ಯಾಂಕಿನ ಸೂದ್ ಬಂದೈತಲ್ಲ, ಆ ರೊಕ್ಕ ಇದರಾಗ ಬರಬಾರದು. ಶೇಂಗಾ ಮಾರಿದ್ದ ರೊಕ್ಕ ಇರಬೇಕು."

ಈ ಸುದ್ದಿಯನ್ನು ಮನೆಗೆ ತಂದಾಗ ಅಪ್ಪ ಮೊಣಕಾಲನ್ನು ಮರೆತು ಎದ್ದು ನಿಂತ. ಬೀಜ ಗೊಬ್ಬರಕ್ಕೆ ಬೇಕಾದಷ್ಟು ಉಳಿಸಿ, ಮಿಕ್ಕದ್ದರಲ್ಲಿ ಪಾಲು ಹಾಕುವುದೆಂದು ಆ ರಾತ್ರಿಯ ಊಟದಲ್ಲೇ ತೀರ್ಮಾನವಾಯಿತು. ನನ್ನ ಅಭಿಪ್ರಾಯ ಕೇಳಲಿಲ್ಲ. ಕೇಳಿದ್ದರೆ, ಅಪಾಯವಿಲ್ಲದ ಬಡ್ಡಿ ಬಿಟ್ಟು ಉಳ್ಳಾಗಡ್ಡಿ ಹಿಡಿಯಬೇಡ ಎನ್ನುತ್ತಿದ್ದೆ. ಅದು ಗೊತ್ತಿದ್ದೇ ಕೇಳಲಿಲ್ಲವೆಂದು ಕಾಣುತ್ತದೆ.

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ನಾನು ಚೀಟಿ ಬರೆದುಕೊಟ್ಟೆ. ಹಿತ್ತಾಳೆಯ ಬಿಲ್ಲೆ ಹಿಡಿದು ಅಪ್ಪ ಜಾಲರಿಯ ಮುಂದೆ ನಿಂತ. ಬಿಲ್ಲೆಯ ನಂಬರು ಕರೆದಾಗ ಬಗ್ಗಿ, ದನಿ ತಗ್ಗಿಸಿ, ಆದರೆ ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದ:

"ಬಡ್ಡೀ ರೊಕ್ಕ ಬ್ಯಾಡ್ರಿ. ಅಸಲಿನ್ಯಾಗಿಂದ ಕೊಡ್ರಿ."

ಕ್ಯಾಷಿಯರ್ ಎಣಿಸುತ್ತಿದ್ದ ನೋಟುಗಳನ್ನು ಕೆಳಗಿಟ್ಟ. "ಏನಂದ್ರಿ?"

"ನಾ ತಂದು ಕೊಟ್ಟಿದ್ದ ಶೇಂಗಾದ ರೊಕ್ಕ. ನೀವು ಮ್ಯಾಲೆ ಹಾಕಿದ್ದು ಬ್ಯಾರೆ. ಅದು ಇರ್ಲಿ. ನಂದ ಅಷ್ಟ ಕೊಡ್ರಿ."

"ಯಜಮಾನ್ರ, ನೋಟಿನ ಮ್ಯಾಲೆ ಬರದಿರತೈತೇನ್ರಿ ಬಡ್ಡಿ ಅಂತ?"

"ಬರದಿರೂದಿಲ್ರಿ. ಆದ್ರ ಯಾವ ಖಾನೇದಾಗ ಇಟ್ಟೀರಂತ ನಿಮಗ ಗೊತ್ತಿರಬೇಕಲ್ರಿ. ಸಾಹೇಬ್ರ ಅಂಗಡ್ಯಾಗ ಒಬ್ಬೊಬ್ಬರದು ಒಂದೊಂದ ಥೈಲಿ ಇರತೈತಿ."

ನಾನು ಗೋಡೆಯ ಮೇಲಿನ ಸೂಚನೆಯೊಂದನ್ನು ಓದತೊಡಗಿದೆ. ರೊಕ್ಕಕ್ಕೆ ಗುರುತಿಲ್ಲ, ಒಂದು ನೋಟು ಇನ್ನೊಂದರ ಬದಲಿಗೆ ನಿಲ್ಲುತ್ತದೆ ಎಂಬುದನ್ನು ನಾನು ಹಿಂದಿನ ದಿನವಷ್ಟೇ ಪಿ.ಯು.ಸಿ. ಮಕ್ಕಳಿಗೆ ಪಾಠ ಮಾಡಿದ್ದೆ. ಅವರಲ್ಲಿ ಇಬ್ಬರು ಈಗ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು.

ಕ್ಯಾಷಿಯರ್ ಅಪ್ಪನ ಮುಖ ನೋಡಿದ, ಬೆಳೆಯುತ್ತಿದ್ದ ಸಾಲನ್ನು ನೋಡಿದ. ಎಣಿಸಿಟ್ಟಿದ್ದ ನೋಟುಗಳನ್ನು ಮೇಲಿನ ಖಾನೆಗೆ ಹಾಕಿ, ಕೆಳಗಿನ ಖಾನೆ ಎಳೆದು ಬೇರೆ ನೋಟು ತೆಗೆದು ಎಣಿಸಿದ.

"ತಗೋರಿ. ಇವು ಅಸಲಿನವು."

ಅಪ್ಪ ಒಂದು ನೋಟು ಮೂಸಿ ನೋಡಿ, ಸಮಾಧಾನದಿಂದ ಒಳಗಿನ ಕಿಸೆಗೆ ಇಟ್ಟುಕೊಂಡ. "ಈ ಮನಷ್ಯಾ ಛಲೋ ಅದಾನ," ಎಂದ ಹೊರಗೆ ಬಂದು. ಬ್ಯಾಂಕಿನ ಬಗ್ಗೆ ಅವನು ಆಡಿದ ಒಂದೇ ಒಳ್ಳೆಯ ಮಾತು ಅದು.

ಉಳ್ಳಾಗಡ್ಡಿ ಬಂತು. ಯಲಬುರ್ಗಿಯಿಂದ ಲಾರಿಯಲ್ಲಿ ಬಂದು ಸಾಹೇಬರ ಗೋದಾಮು ತುಂಬಿತು. ಆ ಸಂತೆಯ ದಿನ ಅಪ್ಪ ಅಂಗಡಿಗೆ ಹೋಗಿ, ಬಾಕಿನ ಪಕ್ಕ ಚಪ್ಪಲಿ ಬಿಟ್ಟು, ಕಟ್ಟೆ ಏರಿದ. ಅಳವಂಡಿಯವರು ಮಲಗಿದ್ದಲ್ಲಿಂದ ಎದ್ದು, "ಇದು ನಿಮ್ಮ ಜಾಗಾ ಏನ್ರಿ?" ಎಂದು ಕೇಳಿದರಂತೆ. "ಇವರು ನಮ್ಮ ಪಾಲುದಾರ್ರು," ಎಂದು ಸಾಹೇಬರು ಪರಿಚಯ ಮಾಡಿಕೊಟ್ಟರಂತೆ. ಇದನ್ನು ಅಪ್ಪ ಮನೆಯಲ್ಲಿ ಹಲವು ಸಲ ಹೇಳಿದ.

ಬೇಸಿಗೆಯೆಲ್ಲ ಅವರಿಬ್ಬರೂ ಬಹಳ ಸುಖವಾಗಿದ್ದರು. ದಿಲ್ಲಿಯ ರಾಜಕೀಯದ ಜೊತೆಗೆ ಈಗ ಉಳ್ಳಾಗಡ್ಡಿಯ ಧಾರಣೆಯೂ ಜಗಳಕ್ಕೆ ಸಿಕ್ಕಿತ್ತು. ಈಗ ಮಾರೋಣ ಎಂದು ಒಬ್ಬರೆಂದರೆ ಇನ್ನೂ ಏರಲಿ ಎಂದು ಇನ್ನೊಬ್ಬರು. ಮುಂದಿನ ವಾರ ಇಬ್ಬರೂ ಪಕ್ಷ ಬದಲಿಸುತ್ತಿದ್ದರು. ಮಾರುವುದೆಂದರೆ ಪಾಲು ಮುಗಿಯುವುದು ಎಂಬುದು ಇಬ್ಬರ ಮನಸ್ಸಿನಲ್ಲಿಯೂ ಇತ್ತೆಂದು ನನ್ನ ಅನುಮಾನ.

ಆ ವರ್ಷ ಮಳೆ ಬೇಗ ಬಂತು. ಗೋದಾಮಿನ ಬಾಗಿಲು ತೆರೆದಾಗ ಚೀಲಗಳ ಸಂದಿಯಿಂದ ಹಸಿರು ಎಸಳುಗಳು ಹೊರಗೆ ಚಾಚಿದ್ದವು. ಮೊಳೆತದ್ದು ಅರ್ಧ, ಕೊಳೆತದ್ದು ಕಾಲು. ಉಳಿದದ್ದನ್ನು ಆರಿಸಿ ಮಾರಿದರು. ನಷ್ಟವನ್ನು ಸರಿಯಾಗಿ ಎರಡು ಪಾಲು ಮಾಡಿದರು. ಯಾರೂ ಕೊಳ್ಳದ ಮೊಳಕೆಯ ಉಳ್ಳಾಗಡ್ಡಿಯನ್ನೂ ಎರಡು ಪಾಲು ಮಾಡಿದರು. ನಮ್ಮ ಪಾಲು ಚಕ್ಕಡಿಯಲ್ಲಿ ಮನೆಗೆ ಬಂತು.

ಚಕ್ಕಡಿಯ ಮುಂದೆ ಅಪ್ಪ ನಡೆದು ಬರುತ್ತಿದ್ದ. ನಾನು ಅಗಸೆಯಲ್ಲಿ ನಿಂತು ಲೆಕ್ಕ ಹಾಕಿ ಆಗಿತ್ತು.

"ಅಪ್ಪಾ, ಇಷ್ಟು ತಿರುಗಿ ಬರಬೇಕಂದ್ರ ಬ್ಯಾಂಕಿನ ಬಡ್ಡಿ ಒಂಬತ್ತು ವರ್ಷದ್ದು ಬೇಕು."

"ಹೌದೇನು?" ಎಂದ ಅಪ್ಪ, ಚೀಲ ಇಳಿಸುತ್ತ. ಅವನ ಮುಖದಲ್ಲಿ ನಷ್ಟವಾದವನ ಕಳೆ ಇರಲಿಲ್ಲ. "ಸಾಹೇಬ್ರೂ ಹಂಗ ಅಂದ್ರು, ಭಾಳ ಹೋತು ಅಂತ. ಲುಕ್ಸಾನ ತುಂಬಿಕೊಳ್ಳಾಕ ಹುಣಸಿಹಣ್ಣು ಹಿಡಿಯೂಣು ಅನ್ನಾಕತ್ಯಾರ. ಮೂರು ವರ್ಷ ಹಿಡೀಬೇಕಂತ ಪೂರಾ ತುಂಬಾಕ. ನಡುವ ಬಿಡಾಕ ಬರೂದಿಲ್ಲ."

ನನ್ನ ಲೆಕ್ಕ ಆಗಲೂ ಸರಿ ಇತ್ತು, ಈಗಲೂ ಸರಿ ಇದೆ. ಆದರೆ ಮೂರು ವರ್ಷ ಎನ್ನುವಾಗ ಅವನ ದನಿಯಲ್ಲಿದ್ದ ನೆಮ್ಮದಿಯನ್ನು ಕೇಳಿ ನಾನೂ ಚೀಲ ಇಳಿಸಲು ಕೈ ಹಾಕಿದೆ. ಆ ಮಳೆಗಾಲ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಯ ಪಲ್ಯ, ಉಳ್ಳಾಗಡ್ಡಿಯ ಸಾರು, ಉಳ್ಳಾಗಡ್ಡಿಯ ಎಸಳಿನ ಝುಣಕ. ನನ್ನ ಪುಸ್ತಕಗಳು, ಸೀರೆಗಳು, ಮಕ್ಕಳ ಉತ್ತರಪತ್ರಿಕೆಗಳು ಕೂಡ ಅದೇ ವಾಸನೆ ಹೊಡೆದವು. ಕಾಲೇಜಿನಲ್ಲಿ ಒಬ್ಬರು ಮೂಗು ಎತ್ತಿ ಸುತ್ತ ನೋಡಿದಾಗ ನಾನೂ ಸುತ್ತ ನೋಡಿದೆ.

ಸಂತೆಯ ದಿನ ಬಂತು. ಅಪ್ಪ ಇಸ್ತ್ರಿಯ ಧೋತರ ಉಟ್ಟು ನನಗಿಂತ ಮೊದಲೇ ಬಸ್ಸಿಗೆ ಹೊರಟ. ನಾನು ಡಬ್ಬಿಗಾಗಿ ಅಡುಗೆಮನೆಗೆ ಹೋದೆ. ಓಣಿಯ ಹೆಂಗಸರು ಆಗಲೇ ಕೌದಿ ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದರು. ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ ಅಕ್ಕಾ, ಮನಿ ಇಷ್ಟ ನಾರತೈತಿ?" ಎಂದಳು.

"ನಾರಲಿ ಬಿಡವಾ," ಎಂದಳು ಅವ್ವ, ಸೂಜಿಗೆ ದಾರ ಪೋಣಿಸುತ್ತ. "ನೀ ಸರದು ಕುಂದರು. ಆ ಮ್ಯಾಲಿನ ಮನಿಯವರ ಸುದ್ದಿ ಮೊನ್ನೆ ಅರ್ಧಕ್ಕ ಬಿಟ್ಟಿದ್ದಿಯಲ್ಲ, ಹೇಳು."